ಹತ್ತೊಂಬತ್ತನೆಯ ಶತಮಾನದ ಸಸ್ಯಚಿತ್ರಗಳಿಗೆ ನಿಜವಾಗಿಯೂ ಕೈಯಿಂದಲೇ ಬಣ್ಣ ಹಚ್ಚುತ್ತಿದ್ದರೇ?

ಹೌದು, ಬಹುಪಾಲು ಕೈಯಿಂದಲೇ. ಕೆತ್ತನೆಗಾರನು ತಾಮ್ರದ ತಗಡಿನ ಮೇಲೆ ಗೆರೆಗಳನ್ನು ಕೊರೆದು, ಅವುಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ತೇವಗೊಳಿಸಿದ ಕಾಗದವನ್ನಿಟ್ಟು ಯಂತ್ರದಲ್ಲಿ ಒತ್ತಿದಾಗ ಬರುತ್ತಿದ್ದುದು ಬರಿಯ ಗೆರೆಚಿತ್ರ. ಅನಂತರ ಬಣ್ಣಗಾರರು, ಮಾದರಿ ಪ್ರತಿಯೊಂದನ್ನು ಎದುರಿಗಿಟ್ಟುಕೊಂಡು, ಹಾಳೆಹಾಳೆಗೂ ಜಲವರ್ಣ ತುಂಬುತ್ತಿದ್ದರು. ಚಿತ್ರಕಾರನ ಹೆಸರು ಸಾಮಾನ್ಯವಾಗಿ ಹಾಳೆಯ ಅಡಿಯಲ್ಲಿ ಉಳಿದಿದೆ. ಬಣ್ಣಗಾರರದು ಉಳಿದಿರುವುದು ಅಪರೂಪ.

1787ರಲ್ಲಿ ವಿಲಿಯಂ ಕರ್ಟಿಸ್ ಲಂಡನ್ನಿನಲ್ಲಿ ಆರಂಭಿಸಿದ ‘ಬೊಟಾನಿಕಲ್ ಮ್ಯಾಗಝೀನ್’ ಹತ್ತೊಂಬತ್ತನೆಯ ಶತಮಾನದಲ್ಲಿ ತಾಮ್ರವನ್ನು ಬಿಟ್ಟು ಕಲ್ಲಚ್ಚಿಗೆ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚೊತ್ತುವ ವಿಧಾನಕ್ಕೆ) ಹೊರಳಿದರೂ, ಕೈಬಣ್ಣವನ್ನು ಮಾತ್ರ 1948ರವರೆಗೂ ಬಿಡಲಿಲ್ಲವೆಂಬುದು ನನಗೆ ಇಂದಿಗೂ ಸೋಜಿಗ. ಫ್ರಾನ್ಸಿನ ಸಸ್ಯಚಿತ್ರಕಾರ ರೆದೂತೆಯ ಗುಲಾಬಿ ಚಿತ್ರಗಳ ದಾರಿ ಬೇರೆ: ಚುಕ್ಕಿಗಳಿಂದ ಕೆತ್ತಿದ ಒಂದೇ ತಗಡಿಗೆ ಹಲವು ಬಣ್ಣದ ಮಸಿಗಳನ್ನು ಬಟ್ಟೆಯುಂಡೆಯಿಂದ ಸವರಿ ಅಚ್ಚೊತ್ತಿ, ಕೊನೆಗೆ ಕುಂಚದಿಂದ ತಿದ್ದುತ್ತಿದ್ದರು.

ನಿಮ್ಮಲ್ಲಿ ಹಳೆಯ ಹಾಳೆಯಿದ್ದರೆ ಭೂತಗನ್ನಡಿಯಲ್ಲಿ ನೋಡಿ. ಎಲೆಯ ಅಂಚಿನಲ್ಲಿ ಹಸಿರು ಗೆರೆಯನ್ನು ಕೂದಲೆಳೆಯಷ್ಟು ದಾಟಿದ್ದರೆ, ಬಣ್ಣ ನಿಂತು ಒಣಗಿದಲ್ಲಿ ಗಾಢವಾದ ಅಂಚು ಕಂಡರೆ, ಅದು ಕುಂಚದ ಕೆಲಸ. ಸಾಲುಸಾಲಾಗಿ ಜೋಡಿಸಿದಂತಹ ನಾಲ್ಕು ಬಣ್ಣದ ಚುಕ್ಕಿಗಳು ಕಂಡರೆ ಅದು ಈಚಿನ ಮರುಮುದ್ರಣ. ತಾಮ್ರದಚ್ಚಿನಲ್ಲಾದರೆ, ಅಂಚನ್ನು ಕತ್ತರಿಸದಿದ್ದಲ್ಲಿ, ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ಸಿಗುತ್ತದೆ.