ಕೋವಿಯ ಮರ ಬದಲಿಸುವಾಗ

ಪ್ರಶ್ನೆ: ನಮ್ಮದು ಅಡಿಕೆ ತೋಟದ ಮನೆ. ಅಜ್ಜನವರು ಬೇಟೆಯ ಕಾಲದಲ್ಲಿ ಕೊಂಡಿದ್ದ ಇಶಾಪುರ ಕಾರ್ಖಾನೆಯ .315 ರೈಫಲ್ ವಾರಸುದಾರಿಕೆಯಿಂದ ಈಗ ನನ್ನ ಪರವಾನಗಿಯಲ್ಲಿದೆ. ಕಳೆದ ಮಳೆಗಾಲದಲ್ಲಿ ಅದರ ಹಿಂಬದಿಯ ಮರ, ಎಂದರೆ ಭುಜಕ್ಕೆ ಒರಗುವ ಹಿಡಿ, ಕುತ್ತಿಗೆಯ ಹತ್ತಿರ (ಟ್ರಿಗರ್‌ನ ಹಿಂದೆ ಕೈ ಹಿಡಿಯುವ ಸಪೂರ ಜಾಗದಲ್ಲಿ) ಸೀಳಿತು. ಊರಿನ ಆಚಾರಿಯವರು ಬೀಟೆ ಮರದಲ್ಲಿ ಹೊಸದು ಮಾಡಿಕೊಡುತ್ತೇನೆ ಎನ್ನುತ್ತಾರೆ. ಅಳಿಯಂದಿರು ಪ್ಲಾಸ್ಟಿಕ್ಕಿನದೇ ಆಗಲಿ ಎನ್ನುತ್ತಾರೆ. ಯಾವುದನ್ನು ಆರಿಸಲಿ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮಾನ್ಯರೇ, ಮೊದಲು ಸೀಳನ್ನೇ ಸರಿಯಾಗಿ ನೋಡಿ. ಅದು ಎಳೆಯ ಗುಂಟ ಉದ್ದಕ್ಕೆ, ಚೂರುಗಳು ಉದುರದೆ ಬಿಟ್ಟಿದ್ದರೆ, ಎಪಾಕ್ಸಿ ಅಂಟು ಮತ್ತು ಒಳಗೊಂದು ಪಿನ್ನಿನಿಂದ ಹಳೆಯ ಮರವನ್ನೇ ಉಳಿಸಿಕೊಳ್ಳಬಹುದು. ಆದರೆ ಸೀಳಿನ ಒಳಭಾಗ ಕಪ್ಪಾಗಿ, ಎಣ್ಣೆ ಕುಡಿದು ಮೆತ್ತಗಾಗಿದ್ದರೆ ಅಂಟು ಹಿಡಿಯುವುದಿಲ್ಲ, ಬದಲಿಸುವುದೇ ದಾರಿ. ನಮ್ಮ ಕಡೆಯ ಮನೆಗಳಲ್ಲಿ ತುಕ್ಕಿನ ಭಯಕ್ಕೆ ನಳಿಗೆಗೆ ಧಾರಾಳವಾಗಿ ಎಣ್ಣೆ ಹಚ್ಚಿ, ಬಾಯಿ ಮೇಲಾಗಿ ಮೂಲೆಗೆ ಒರಗಿಸಿಡುವ ರೂಢಿಯಿದೆ. ಆ ಎಣ್ಣೆ ವರ್ಷಗಟ್ಟಲೆ ಕೆಳಗಿಳಿದು ಕುತ್ತಿಗೆಯ ಮರವನ್ನೇ ಸೇರುವುದರಿಂದ ಇಂತಹ ಸೀಳುಗಳು ಹೆಚ್ಚಾಗಿ ಅಲ್ಲಿಯೇ ಕಾಣಿಸಿಕೊಳ್ಳುತ್ತವೆ.

ಬೀಟೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅಂದಕ್ಕಾಗಿ ಅದನ್ನು ಆರಿಸಬೇಡಿ. ಕೋವಿಗಳಿಗೆ ವಾಡಿಕೆಯಾಗಿ ಬಳಸುವ ಅಕ್ರೋಟು ಮರಕ್ಕಿಂತ ಬೀಟೆ ಗಣನೀಯವಾಗಿ ಭಾರ. ಈಡು ಹಾರಿದಾಗ ಭುಜಕ್ಕೆ ಬೀಳುವ ಒದೆತ ಸ್ವಲ್ಪ ತಗ್ಗಬಹುದಾದರೂ ರೈಫಲ್ಲಿನ ತೂಕ ಹಿಂದಕ್ಕೆ ಜಗ್ಗುತ್ತದೆ. ಈಚೆಗೆ ಕಡಿದ ಮರವಾದರೆ ಇನ್ನೂ ಕಷ್ಟ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಿನಲ್ಲಿ ಒಣಗಬೇಕೆಂಬ ಮರಗೆಲಸದವರ ಲೆಕ್ಕವನ್ನು ಹಿಡಿದರೆ, ಎರಡೂವರೆ ಅಂಗುಲದ ತುಂಡಿಗೆ ಎರಡು ವರ್ಷಕ್ಕೂ ಹೆಚ್ಚು ಬೇಕು. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿಯೂ ಬೇಕೆಂಬುದು ನಿಮಗೆ ತಿಳಿದದ್ದೇ. ತೇಗ ಹೆಚ್ಚು ಹಿಗ್ಗಿ ಕುಗ್ಗುವುದಿಲ್ಲ ಎಂಬುದು ನಿಜವಾದರೂ ಅದು ಎಳೆಯ ಗುಂಟ ಬೇಗ ಸೀಳುತ್ತದೆ, ಅದರ ಸಹಜ ಎಣ್ಣೆಯಿಂದಾಗಿ ಅಂಟೂ ಸರಿಯಾಗಿ ಕೂರುವುದಿಲ್ಲ. ಶಿವನೆ ಹಗುರ, ಕೆಲಸಕ್ಕೆ ಸುಲಭ. ಆದರೆ ಕುತ್ತಿಗೆಯಲ್ಲಿ ಬೇಕಾದ ಗಟ್ಟಿತನ ಅದಕ್ಕಿಲ್ಲ.

ಹೀಗಾಗಿ ಮರವೇ ಬೇಕೆಂದಿದ್ದರೆ ಚೆನ್ನಾಗಿ ಒಣಗಿದ ಅಕ್ರೋಟು ಮೊದಲ ಆಯ್ಕೆ. ತುಂಡನ್ನು ಕೊಳ್ಳುವಾಗ ಬಣ್ಣ, ಚಿತ್ತಾರಗಳನ್ನು ನೋಡದೆ, ಕುತ್ತಿಗೆಯಾಗುವ ಜಾಗದಲ್ಲಿ ಎಳೆಗಳು ಅಡ್ಡ ಹಾಯದೆ ಉದ್ದಕ್ಕೂ ನೇರವಾಗಿ ಸಾಗಿವೆಯೇ ಎಂಬುದೊಂದನ್ನು ನೋಡಿ. ಅಳಿಯಂದಿರ ಮಾತಿನಲ್ಲಿಯೂ ಹುರುಳಿದೆ. ನೈಲಾನ್ ಮತ್ತು ಗಾಜಿನ ನಾರು ಬೆರೆಸಿ ಮಾಡಿದ ಹಿಡಿ ಆಗುಂಬೆಯ ಮಳೆಗೂ ಹಿಗ್ಗದು. ಆದರೆ ಅದು ನಿಮ್ಮ ಮಾದರಿಗಾಗಿಯೇ ಮಾಡಿದ್ದಾಗಿರಬೇಕು. ಬೇರೆಯದನ್ನು ತಂದು ಉಜ್ಜಿ ಕೂರಿಸಿದರೆ ಪ್ರಯೋಜನವಿಲ್ಲ.

ಏಕೆಂದರೆ ಮರ ಯಾವುದೆನ್ನುವುದಕ್ಕಿಂತ ಮರ ಮತ್ತು ಲೋಹ ಹೇಗೆ ಕೂಡುತ್ತವೆ ಎನ್ನುವುದೇ ಮುಖ್ಯ. ನಿಮ್ಮ ರೈಫಲ್ ಬ್ರಿಟಿಷ್ ಸೈನ್ಯ ಬಳಸುತ್ತಿದ್ದ ಲೀ-ಎನ್‌ಫೀಲ್ಡ್ ಮಾದರಿಯ ವಂಶದ್ದು. ಮರ ಎರಡು ತುಂಡಾಗಿದ್ದು, ಹಿಂದಿನ ತುಂಡು ಉದ್ದನೆಯ ಬೋಲ್ಟಿನ ಬಲದಿಂದ ಲೋಹದ ಗೂಡಿನಲ್ಲಿ ಕೂತಿರುತ್ತದೆ. ಆ ಗೂಡಿನಲ್ಲಿ ಸುತ್ತಲೂ ಬಿಗಿಯಾಗಿ ಕೂರದಿದ್ದರೆ ಪ್ರತಿ ಈಡಿನ ಒದೆತವೂ ಒಂದೇ ಅಂಚಿಗೆ ಬಿದ್ದು, ಎಂತಹ ಮರವಾದರೂ ಮತ್ತೆ ಸೀಳುತ್ತದೆ. ಬೇಸಿಗೆಯಲ್ಲಿ ಮರ ಕುಗ್ಗಿ ಬೋಲ್ಟ್ ಸಡಿಲವಾಗುವುದರಿಂದ ವರ್ಷಕ್ಕೊಮ್ಮೆ ಪರೀಕ್ಷಿಸಿ ಬಿಗಿ ಮಾಡಿಸಬೇಕು. ಈ ವಂಶದ ಹಳೆಯ ರೈಫಲ್‌ಗಳಲ್ಲಿ ಮುಂದಿನ ಮರವನ್ನು ಬಿಚ್ಚದೆ ಹಿಂದಿನ ಬೋಲ್ಟನ್ನು ತಿರುಗಿಸಿದರೆ ಮುಂದಿನ ಮರವೂ ಸೀಳುವ ಅಪಾಯವಿದೆ. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯಲೇಬೇಡಿ. ಮುಂದಿನ ಮರವನ್ನೂ ಅದೇ ವೇಳೆಗೆ ತೋರಿಸುವುದು ಒಳ್ಳೆಯದು: ಮಳೆಗಾಲದಲ್ಲಿ ಅದು ಹಿಗ್ಗಿ ನಳಿಗೆಯನ್ನು ಒಂದು ಪಕ್ಕದಿಂದ ಒತ್ತಿದರೆ ಗುರಿ ಸರಿಯುತ್ತದೆ.

ಉದ್ದವನ್ನು ನಿಮ್ಮ ಮೈಗೆ ಅಳೆಸಿ. ಟ್ರಿಗರ್‌ನಿಂದ ಹಿಡಿಯ ತುದಿಯವರೆಗೆ ಸಾಮಾನ್ಯವಾಗಿ ಹದಿಮೂರೂವರೆಯಿಂದ ಹದಿನಾಲ್ಕು ಅಂಗುಲ ಇರುತ್ತದೆ. ಗಿಡ್ಡ ಆಳಿಗೆ ಅಷ್ಟು ಬೇಡ.

ಆಚಾರಿಯವರ ಕೈಗೆಲಸದಲ್ಲಿ ನನಗೆ ಸಂಶಯವಿಲ್ಲ, ಆದರೆ ರೈಫಲ್ಲನ್ನು ಅವರ ಕೈಗೆ ಕೊಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕಿನ ತಯಾರಿಕೆ ಮತ್ತು ದುರಸ್ತಿಗೆ ಪ್ರತ್ಯೇಕ ಪರವಾನಗಿ ಬೇಕು, ಆಯುಧದ ಬಿಡಿಭಾಗಗಳೂ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಪರವಾನಗಿ ಪಡೆದ ದುರಸ್ತಿಗಾರರ ಬಳಿಗೇ ಒಯ್ಯಿರಿ. ನಿಮಗೆ ಹೋಗಲಾಗದಿದ್ದರೆ ನಿಮ್ಮ ಲಿಖಿತ ಅಧಿಕಾರಪತ್ರದೊಂದಿಗೆ ಅಳಿಯಂದಿರು ಒಯ್ಯಲು 3ನೇ ಕಲಮು ಅವಕಾಶ ಕೊಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅಜ್ಜನವರ ಕಾಲದ ಬೇಟೆಗೆ ಅವಕಾಶವಿಲ್ಲ ಎಂಬುದನ್ನೂ ಹೊಸ ಹಿಡಿ ಬಂದ ಸಂತೋಷದಲ್ಲಿ ಮನೆಯ ಹುಡುಗರು ಮರೆಯಬಾರದು.

ಹೊಸ ಮರಕ್ಕೆ ಅಗಸೆ ಎಣ್ಣೆಯನ್ನು ತೆಳುವಾಗಿ, ಪ್ರತಿ ಸಲವೂ ಒಣಗಲು ಬಿಟ್ಟು ಹಲವು ಬಾರಿ ಹಚ್ಚಿಸಿ. ಹುಳು ಹಿಡಿಯದಂತೆ ತೊಲೆಗಳಿಗೆ ಬಳಿಯುವ ಗೇರೆಣ್ಣೆಯನ್ನು ಇದಕ್ಕೆ ಮುಟ್ಟಿಸಬೇಡಿ. ಕೆನ್ನೆ ತಾಗುವ ಜಾಗದಲ್ಲಿ ಅದು ಚರ್ಮವನ್ನು ಸುಡುತ್ತದೆ.