ಪೇಪರಲ್ಲಿ ಹಾಕಿಸಿದ್ರೆ ಮಗನ ಪಾಲು ತಪ್ಪಲ್ಲ

ಅಣ್ಣ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಕೆಳಗೆ ಬಂದ ಉತ್ತರಗಳಲ್ಲಿ ಅರ್ಧ ತಪ್ಪಿವೆ. ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೇನೆ.

ನೀವು ಹೇಳಿದ್ದು ಇಷ್ಟು. ನಾಲ್ಕು ಎಕರೆ ಅಡಿಕೆ ತೋಟ. ಎರಡು ಎಕರೆ ಮುತ್ತಜ್ಜನ ಕಾಲದ್ದು, ಅಪ್ಪ ಇದ್ದಾಗಲೇ ಪಾಲಾಗಿ ನಿಮಗೆ ಬಂತು. ಇನ್ನೆರಡು ಎಕರೆ 1996ರಲ್ಲಿ ನೀವು ಕ್ರಯಕ್ಕೆ ತಗೊಂಡದ್ದು. ಅತ್ತಿಗೆ ಈಗಿಲ್ಲ. ದೊಡ್ಡ ಮಗ ಹತ್ತು ವರ್ಷದಿಂದ ಮನೆ ಕಡೆ ಮುಖ ಹಾಕಿಲ್ಲ. "ಅವನಿಗೂ ನನಗೂ ಸಂಬಂಧವಿಲ್ಲ" ಅಂತ ಪೇಪರಲ್ಲಿ ಹಾಕಿಸಿ, ವಿಲ್‌ನಲ್ಲಿ ಅವನ ಹೆಸರೇ ಎತ್ತದೆ ಎಲ್ಲವನ್ನೂ ಚಿಕ್ಕವನಿಗೆ ಬರೆದರೆ ಸಾಕಲ್ವಾ ಅಂತ ಕೇಳಿದ್ದೀರಿ.

ಸಾಕಾಗಲ್ಲ. ಪೇಪರ್ ಪ್ರಕಟಣೆಯಿಂದ ಮಗ ವಾರಸುದಾರ ಅನ್ನೋದು ತಪ್ಪಲ್ಲ. ಅವನ ಸಾಲಕ್ಕೆ ನಾನು ಜವಾಬ್ದಾರನಲ್ಲ ಅಂತ ಊರಿಗೆ ತಿಳಿಸಿದ ಹಾಗಾಗುತ್ತೆ, ಅಷ್ಟೇ. ಆ ದುಡ್ಡಲ್ಲಿ ನಾಲ್ಕು ಚೀಲ ಗೊಬ್ಬರ ತನ್ನಿ.

ಮೊದಲು ಪಾಲಿಗೆ ಬಂದ ಎರಡು ಎಕರೆ. ಅದು ಪಿತ್ರಾರ್ಜಿತ, ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಮಗಳನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ! ಮದುವೆ ಆಗಿದ್ದರೂ ಅವಳಿಗೂ ಸಮಪಾಲು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿ ಅದನ್ನೇ ಹೇಳುತ್ತೆ, ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಗಟ್ಟಿ ಮಾಡಿತು. ನೀವು, ಮೂವರು ಮಕ್ಕಳು, ಒಟ್ಟು ನಾಲ್ಕು ಪಾಲು. 80 ಗುಂಟೆಯಲ್ಲಿ ನಿಮ್ಮದು 20. ಅದೇ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಆ 20 ಗುಂಟೆಯನ್ನು ಯಾರಿಗೆ ಬೇಕಾದರೂ ವಿಲ್ ಮಾಡಬಹುದು. ದೊಡ್ಡವನ 20 ಗುಂಟೆ ನೀವು ಕೊಟ್ಟದ್ದಲ್ಲ, ಹಾಗಾಗಿ ನೀವು ತಪ್ಪಿಸೋಕೂ ಬರಲ್ಲ. ಅವನೇ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಕೊಟ್ಟರೆ ಮಾತ್ರ ಆಯ್ತು. ಪಹಣಿಯಲ್ಲಿ ನಿಮ್ಮೊಬ್ಬರ ಹೆಸರೇ ಇದೆ ಅನ್ನೋದು ಇಲ್ಲಿ ಉಪಯೋಗಕ್ಕೆ ಬರಲ್ಲ.

ಕ್ರಯಕ್ಕೆ ತಗೊಂಡ ಎರಡು ಎಕರೆ ಸ್ವಯಾರ್ಜಿತವಾದರೆ ಪೂರ್ತಿ ನಿಮ್ಮಿಷ್ಟ. ಆದರೆ ನೀವೇ ಬರೆದಿದ್ದೀರಿ, "ಸಂಬಳದ ದುಡ್ಡು, ಅಡಿಕೆ ದುಡ್ಡು ಎರಡೂ ಸೇರಿಸಿ ತಗೊಂಡೆ" ಅಂತ. ದೊಡ್ಡವನ ವಕೀಲರು ಇದನ್ನೇ ಹಿಡಿದುಕೊಳ್ಳುತ್ತಾರೆ. ಹಿರಿಯರ ತೋಟದಲ್ಲಿ ಜಮೀನು ಕೊಳ್ಳುವಷ್ಟು ಉತ್ಪತ್ತಿ ಇತ್ತು ಅಂತ ಅವನು ತೋರಿಸಿದರೆ, ಇದು ನನ್ನ ಸ್ವಂತ ದುಡ್ಡು ಅಂತ ಸಾಬೀತು ಮಾಡುವ ಭಾರ ನಿಮ್ಮ ಕಡೆಗೆ ಬರುತ್ತೆ. ಆ ಕಾಲದ ಸಂಬಳದ ಚೀಟಿ, ಪಿಎಫ್ ಸಾಲದ ಕಾಗದ, ಬ್ಯಾಂಕ್ ಪಾಸ್‌ಬುಕ್ ಅಟ್ಟದ ಮೇಲೆ ಎಲ್ಲಾದರೂ ಇದ್ದರೆ ಇವತ್ತೇ ಇಳಿಸಿ. ಗೆದ್ದಲು ತಿನ್ನೋ ಮೊದಲು. ವಿಲ್‌ಗಿಂತ ಇವು ಮುಖ್ಯ ಅಂತ ನನ್ನ ಲೆಕ್ಕ.

ಇನ್ನು ಹೆಸರೇ ಎತ್ತದಿರುವ ವಿಚಾರ. ಹಾಗೆ ಮಾಡಬೇಡಿ. ಸ್ವಂತ ಮಗನ ಬಗ್ಗೆ ಒಂದು ಮಾತೂ ಇಲ್ಲದ ವಿಲ್ ಕಂಡರೆ ಕೋರ್ಟಿಗೆ ಅನುಮಾನ ಬರುತ್ತೆ. ನಮ್ಮ ಮೈಸೂರು ಸೀಮೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಇವತ್ತಿಗೂ ಎಲ್ಲರೂ ಓದುತ್ತಾರೆ: ವಿಲ್ ಬಗ್ಗೆ ಅನುಮಾನ ಬರುವಂಥದ್ದು ಇದ್ದರೆ, ವಿಲ್ ಹಿಡಿದು ಬಂದವನೇ ಅದನ್ನು ನಿವಾರಿಸಬೇಕು. ಹಾಗಾಗಿ ಹೆಸರು ಬರೆಯಿರಿ, ಕಾರಣ ಎರಡು ಸಾಲಿನಲ್ಲಿ ಬರೆಯಿರಿ. ಓದಿಗೆ ಇಷ್ಟು ಕೊಟ್ಟಿದ್ದೇನೆ, ಇಂಥ ವರ್ಷದಿಂದ ಸಂಪರ್ಕವಿಲ್ಲ, ಆದ್ದರಿಂದ ಕೊಟ್ಟಿಲ್ಲ. ಬೈಗುಳ ಬೇಡ.

"ದೊಡ್ಡವನಿಗೆ ಏನೂ ಇಲ್ಲ" ಅಂತ ಬರೆದ ಮಾತ್ರಕ್ಕೂ ಆಗಲ್ಲ, ಯಾರಿಗೆ ಅನ್ನೋದು ಪೂರ್ತಿ ಇರಬೇಕು. ಕಲ್ಕತ್ತದ ಪ್ರಸನ್ನಕುಮಾರ ಠಾಕೂರರು ಕ್ರೈಸ್ತನಾದ ಒಬ್ಬನೇ ಮಗನನ್ನು ವಿಲ್‌ನಲ್ಲಿ ಕೈಬಿಟ್ಟಿದ್ದರು. 1872ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ಲಂಡನ್ನಿನಲ್ಲಿದ್ದ ಕೊನೆಯ ಅಪೀಲು ಕೋರ್ಟು), ಅಣ್ಣನ ಮಗನಿಗೆ ಅವನ ಜೀವಿತಾವಧಿಗೆ ಬರೆದದ್ದು ಸರಿ, ಅದರಾಚೆಗೆ ಬರೆದ ವ್ಯವಸ್ಥೆ ನಿಲ್ಲಲ್ಲ, ಆ ಉಳಿಕೆ ಕೈಬಿಟ್ಟ ಮಗನಿಗೇ ಅಂದಿತು. ಅಷ್ಟು ದೊಡ್ಡ ವಕೀಲರದ್ದೇ ಹಾಗಾಯ್ತು! ನಿಮ್ಮ ವಿಲ್‌ನಲ್ಲಿ ಒಂದು ಸರ್ವೆ ನಂಬರ್ ಬಿಟ್ಟುಹೋದರೂ, ಸೊಸೈಟಿಯ ಠೇವಣಿ ಮರೆತರೂ, ಅದರಲ್ಲಿ ಮೂವರಿಗೂ ಸಮಪಾಲು. "ಉಳಿದ ನನ್ನ ಎಲ್ಲ ಚರ, ಸ್ಥಿರ ಆಸ್ತಿ ಇಂಥವರಿಗೆ" ಅನ್ನೋ ಸಾಲು ಇರಲೇಬೇಕು. ಚಿಕ್ಕವನಿಗೆ ಇನ್ನೂ ಮದುವೆ ಆಗಿಲ್ಲ. ಅವನು ನಿಮಗಿಂತ ಮೊದಲೇ ಹೋದರೆ ಯಾರಿಗೆ ಅಂತಲೂ ಬರೆಸಿ. ಕೆಟ್ಟ ಮಾತು ಆಡಿದ್ದಕ್ಕೆ ಕ್ಷಮಿಸಿ.

ಈಗ ಸಾಕ್ಷಿ. ನನ್ನ ಸೋದರಮಾವನ ವಿಲ್ ಬಿದ್ದದ್ದೇ ಇಲ್ಲಿ. ಇಬ್ಬರು ಸಾಕ್ಷಿಗಳೂ ಅವರದೇ ವಯಸ್ಸಿನವರು. ಕೇಸು ವಿಚಾರಣೆಗೆ ಬರುವಷ್ಟರಲ್ಲಿ ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ಕಟಕಟೆ ಹಿಡಿದುಕೊಂಡೇ ನಿಂತಿದ್ದರು, ಕಿವಿ ಸ್ವಲ್ಪ ಮಂದ. "ಅವರು ನಿಮ್ಮ ಎದುರಿಗೇ ರುಜು ಹಾಕಿದ್ರಾ?" ಅಂತ ಕೇಳಿದರು. "ಇಲ್ಲ ಸ್ವಾಮಿ, ನಾ ಹೋಗೋವಷ್ಟರಲ್ಲಿ ರುಜು ಆಗಿತ್ತು, ಇಲ್ಲೊಂದು ಹಾಕು ಅಂತ ಬರೆಯೋರು ಹೇಳಿದ್ರು, ಹಾಕಿದೆ" ಅಂದುಬಿಟ್ಟರು. ಸುಳ್ಳು ಹೇಳಲಿಲ್ಲ, ಪಾಪ. ನಮ್ಮ ವಕೀಲರು ಫೈಲ್ ಮುಚ್ಚಿ ಸುಮ್ನೆ ಕೂತರು. ಕೊನೆಗೆ ರಾಜಿ ಮಾಡಿಕೊಂಡೆವು.

ಕಾನೂನು ಇಷ್ಟೇ: ಪ್ರತಿ ಸಾಕ್ಷಿಯೂ ನೀವು ರುಜು ಹಾಕೋದನ್ನು ನೋಡಿರಬೇಕು, ಇಲ್ಲಾ "ಇದು ನನ್ನದೇ ರುಜು" ಅಂತ ನಿಮ್ಮ ಬಾಯಿಂದ ಕೇಳಿರಬೇಕು. ಆಮೇಲೆ ನಿಮ್ಮ ಎದುರಿಗೇ ಅವರು ರುಜು ಹಾಕಬೇಕು. ಇಬ್ಬರಲ್ಲಿ ಒಬ್ಬರಾದರೂ ಮುಂದೆ ಕೋರ್ಟಿಗೆ ಬಂದು ಹೇಳುವಂಥವರು ಬೇಕು. ಒಬ್ಬರು ನಿಮ್ಮನ್ನು ನೋಡುವ ಡಾಕ್ಟರಾದರೆ ಬಹಳ ಒಳ್ಳೇದು.

ರಿಜಿಸ್ಟರ್ ಕಡ್ಡಾಯವಲ್ಲ. ವಿಲ್‌ಗೆ ಸ್ಟ್ಯಾಂಪ್ ಡ್ಯೂಟಿಯೂ ಇಲ್ಲ. ಆದರೂ ಮಾಡಿಸಿ, ಜಾಸ್ತಿ ಖರ್ಚಿಲ್ಲ. ಆದರೆ ರಿಜಿಸ್ಟರ್ ಆಗಿದೆ ಅಂದಮಾತ್ರಕ್ಕೆ ಸಾಕ್ಷಿ ಹೇಳಿಸೋದು ತಪ್ಪಲ್ಲ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬೇರೆ ಬರೆಯಬಹುದು. ಅದಕ್ಕೇ ದಾನಪತ್ರಕ್ಕೆ ಈಗಲೇ ಕೈ ಹಾಕಬೇಡಿ ಅನ್ನೋದು. ದೊಡ್ಡವನು ನಾಳೆ ಬಂದರೂ ಬಂದ.

ಪಾಲುಪಟ್ಟಿ, 1996ರ ಕ್ರಯಪತ್ರ ಎರಡನ್ನೂ ಹಿಡಿದು ಒಮ್ಮೆ ಸಿವಿಲ್ ವಕೀಲರ ಹತ್ತಿರ ಕೂತು ಬರೆಸಿ. ಆ ದಿನ ಚಿಕ್ಕವನ ಜೀಪಿನಲ್ಲಿ ಹೋಗಬೇಡಿ, ಬರೆಯುವವರಿಗೆ ಅವನ ಕೈಯಿಂದ ದುಡ್ಡೂ ಕೊಡಿಸಬೇಡಿ, ಅವನೇ ಬರೆಸಿಕೊಂಡ ಅನ್ನೋ ಅನುಮಾನ ಬರಬಾರದು. ಅವನು ತೋಟದಲ್ಲಿ ಕೊಳೆ ಔಷಧಿ ಹೊಡೆಸಿಕೊಂಡಿರಲಿ. ಸಾಕ್ಷಿಗೆ ಜನ ಸಿಗದಿದ್ದರೆ ಹೇಳಿ, ನಾನೇ ಬರ್ತೇನೆ. ನನಗೀಗ 44, ಕಿವಿ ಚೆನ್ನಾಗಿ ಕೇಳುತ್ತೆ.