ಅಮೆರಿಕದ ಬಾಲನ್ಯಾಯ ವ್ಯವಸ್ಥೆಯಲ್ಲಿ ಕಪ್ಪು ಮಕ್ಕಳೇ ಹೆಚ್ಚು ಸೆರೆಯಾಗುವುದನ್ನು ತಗ್ಗಿಸುವುದು ಹೇಗೆ?

ಮೊದಲು ಅಂತರ ಯಾವ ಹಂತದಲ್ಲಿ ಹುಟ್ಟುತ್ತಿದೆ ಎಂದು ಅಳೆಯಬೇಕು: ಬಂಧನವೋ, ವಿಚಾರಣೆಗೆ ಮುನ್ನ ಕೂಡಿಹಾಕುವುದೋ, ವಯಸ್ಕರ ಕೋರ್ಟಿಗೆ ವರ್ಗಾವಣೆಯೋ. ಉದಾಹರಣೆಗೆ, ಪ್ರಕರಣಕ್ಕೆ ಸಿಕ್ಕ 100 ಕಪ್ಪು ಮಕ್ಕಳಲ್ಲಿ 30, ಬಿಳಿಯರಲ್ಲಿ 20 ಮಂದಿಯನ್ನು ಕೂಡಿಹಾಕಿದ್ದರೆ ಅನುಪಾತ 1.5.

ಕೂಡಿಹಾಕುವ ಹಂತದಲ್ಲಿ ಅಧಿಕಾರಿಯ ಅಂದಾಜಿಗಿಂತ, ಮಗುವನ್ನು ಬಿಟ್ಟರೆ ಅಪಾಯವೆಷ್ಟು ಎಂದು ಅಂಕ ಹಾಕಿ ಅಳೆಯುವ ಪಟ್ಟಿ ಮೇಲು. ಆದರೆ ಪಕ್ಷಪಾತ ಪಟ್ಟಿಯೊಳಗೇ ನುಸುಳುತ್ತದೆ, ಇದನ್ನೇ ಹಲವರು ಮರೆಯುವುದು. 'ಒಳ್ಳೆಯ ಕುಟುಂಬ' ಎಂಬುದಕ್ಕೆ ಅಂಕವಿದ್ದರೆ ಅಜ್ಜಿಯ ಬಳಿ ಬೆಳೆಯುವ ಹುಡುಗ ಸೋಲುತ್ತಾನೆ. ಒರೆಗಾನ್‌ನ ಮಲ್ಟ್ನೋಮಾ ಕೌಂಟಿ ಅದರ ಬದಲು, ಕೋರ್ಟಿಗೆ ಕರೆತರುವ ಹೊಣೆ ಹೊರಲು ಹಿರಿಯರೊಬ್ಬರಿದ್ದಾರೆಯೇ ಎಂದು ನೋಡತೊಡಗಿತು. ಹಿಂದಿನ ಬಂಧನಗಳನ್ನೂ ಎಣಿಸಬೇಡಿ. ಪೊಲೀಸ್ ಗಸ್ತು ಹೆಚ್ಚಿರುವ ಬೀದಿಯ ಮಕ್ಕಳಿಗೆ ಅವು ತಾನಾಗಿ ಜಾಸ್ತಿ. ಸಾಬೀತಾದ ತಪ್ಪಷ್ಟೇ ಲೆಕ್ಕಕ್ಕಿರಲಿ. ಅಂಕದ ಪ್ರಕಾರ ಬಿಡಬೇಕಾದ ಮಗುವನ್ನೂ ಕೂಡಿಹಾಕುವುದಾದರೆ ಲಿಖಿತ ಕಾರಣ, ಮೇಲಧಿಕಾರಿಯ ಸಹಿ ಕಡ್ಡಾಯ.